ಹತ್ತಿರ ಮಸುಕಾಗುವ ಕಣ್ಣು: ದೂರದೃಷ್ಟಿ ದೋಷದ ಅರಿವು ಮತ್ತು ಆರೈಕೆ

‘ದೂರದೃಷ್ಟಿ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಮುಂದಿನ ತಲೆಮಾರಿನ ಹಿತವನ್ನು ಇಂದೇ ಕಂಡು ಕಾರ್ಯಪ್ರವೃತ್ತರಾಗುವವರನ್ನು ದೂರದೃಷ್ಟಿಯುಳ್ಳವರೆಂದು ಲೋಕವು ಗೌರವಿಸುತ್ತದೆ. ೧೯೧೬ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ಹಿರಿಯರೂ, ೧೯೫೩ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಯ ನೀರನ್ನು ಅಣೆಕಟ್ಟಿನಲ್ಲಿ ನಿಲ್ಲಿಸಿದವರೂ ಇಂತಹ ಗುಣವುಳ್ಳವರು. ಆದರೆ ವೈದ್ಯಶಾಸ್ತ್ರದಲ್ಲಿ ಇದೇ ಶಬ್ದವು ಕಣ್ಣಿನ ಒಂದು ನ್ಯೂನತೆಯ ಹೆಸರಾಗಿದೆ. ದೂರದ ಬೆಟ್ಟ ಚೆನ್ನಾಗಿ ಕಾಣುತ್ತದೆ, ಕೈಯಲ್ಲಿರುವ ಪುಸ್ತಕ ಮಸುಕಾಗುತ್ತದೆ ಎಂಬುದು ಇದರ ಸ್ಥೂಲ ಲಕ್ಷಣ.

ಸಮೀಪದೃಷ್ಟಿ ದೋಷವುಳ್ಳ ಬಾಲಕನಿಗೆ ಕಪ್ಪು ಹಲಗೆ ಕಾಣದು. ಆದುದರಿಂದ ಅವನ ಕಷ್ಟವು ಉಪಾಧ್ಯಾಯರಿಗೆ ಒಂದೆರಡು ವಾರಗಳಲ್ಲಿಯೇ ತಿಳಿದುಬರುತ್ತದೆ. ದೂರದೃಷ್ಟಿ ದೋಷವುಳ್ಳ ಬಾಲಕನ ಪಾಡು ಹಾಗಲ್ಲ. ಅವನು ಹಲಗೆಯನ್ನೂ ಓದುತ್ತಾನೆ, ಶಾಲೆಯಲ್ಲಿ ನಡೆಯುವ ಕಣ್ಣಿನ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗುತ್ತಾನೆ. ಪುಸ್ತಕ ಹಿಡಿದಾಗ ಮಾತ್ರ ಸೋಲುತ್ತಾನೆ. ಕಣ್ಣು ಸರಿಯಾಗಿದೆಯೆಂದು ಒಮ್ಮೆ ನಿರ್ಣಯವಾದ ಮೇಲೆ ಆ ಸೋಲಿಗೆ ಸೋಮಾರಿತನ, ಅಲಕ್ಷ್ಯ, ಮಂದಬುದ್ಧಿ ಎಂಬ ಹೆಸರುಗಳು ಸುಲಭವಾಗಿ ಅಂಟಿಕೊಳ್ಳುತ್ತವೆ. ಈ ಅನ್ಯಾಯವನ್ನು ತಪ್ಪಿಸುವುದು ಶಿಕ್ಷಕರ ಕೈಯಲ್ಲಿದೆ. ಅದಕ್ಕಾಗಿ ಕಣ್ಣು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯುವುದು ಅವಶ್ಯಕ.

ವಿರೂಪಾಕ್ಷನ ಸನ್ನಿಧಿಯ ಪಾಠ

ಹಂಪಿಯ ವಿರೂಪಾಕ್ಷ ದೇವಾಲಯವನ್ನು ಸಂದರ್ಶಿಸಿದವರಿಗೆ ಅಲ್ಲಿನ ಒಂದು ಕೌತುಕವು ಪರಿಚಿತವಾದುದೇ. ದೇಗುಲದ ಹಿಂಭಾಗದ ಕತ್ತಲೆಯ ಕೋಣೆಯೊಂದರಲ್ಲಿ, ಗೋಡೆಯ ಸಣ್ಣ ರಂಧ್ರದ ಮೂಲಕ ಬರುವ ಬೆಳಕು ಎದುರಿನ ಗೋಡೆಯ ಮೇಲೆ ಪೂರ್ವದ ರಾಜಗೋಪುರದ ಬಿಂಬವನ್ನು ಮೂಡಿಸುತ್ತದೆ. ಸುಮಾರು ೫೦ ಮೀಟರ್ ಎತ್ತರದ ಗೋಪುರವು ಅಲ್ಲಿ ಕಿರಿದಾಗಿ, ಕಳಸ ಕೆಳಗೂ ಬುಡ ಮೇಲೂ ಆಗಿ ತಲೆಕೆಳಗಾಗಿ ಕಾಣುತ್ತದೆ. ಬೆಳಕಿನ ಕಿರಣಗಳು ಸರಳರೇಖೆಯಲ್ಲಿ ಚಲಿಸುತ್ತವೆ. ಗೋಪುರದ ತುದಿಯಿಂದ ಹೊರಟ ಕಿರಣವು ರಂಧ್ರವನ್ನು ಹಾಯ್ದು ಗೋಡೆಯ ಕೆಳಭಾಗವನ್ನು ಸೇರುತ್ತದೆ, ಬುಡದಿಂದ ಹೊರಟದ್ದು ಮೇಲ್ಭಾಗವನ್ನು ಸೇರುತ್ತದೆ. ಇಷ್ಟೇ ಇದರ ರಹಸ್ಯ.

ಮನುಷ್ಯನ ಕಣ್ಣೂ ಇಂತಹ ಒಂದು ಕತ್ತಲೆಯ ಕೋಣೆ. ಪಾಪೆಯೇ ಅದರ ರಂಧ್ರ. ಹಿಂಬದಿಯ ಅಕ್ಷಿಪಟಲವೇ ಗೋಡೆ. ಅಲ್ಲಿಯೂ ಬಿಂಬವು ತಲೆಕೆಳಗಾಗಿಯೇ ಮೂಡುತ್ತದೆ. ಅದನ್ನು ನೆಟ್ಟಗೆ ಅರ್ಥೈಸುವುದು ಮಿದುಳಿನ ಕೆಲಸ. ಆದರೆ ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಸೂಜಿರಂಧ್ರದ ಕೋಣೆಯಲ್ಲಿ ಗೋಡೆ ಒಂದಿಷ್ಟು ಮುಂದೆ ಅಥವಾ ಹಿಂದೆ ಇದ್ದರೂ ಬಿಂಬದ ಗಾತ್ರ ಬದಲಾಗುತ್ತದೆಯೇ ಹೊರತು ಬಿಂಬ ಕಲಸಿಹೋಗುವುದಿಲ್ಲ. ಆದರೆ ಅದು ಬಲು ಮಂದವಾಗಿರುತ್ತದೆ. ಕಣ್ಣಿಗೆ ಹೆಚ್ಚು ಬೆಳಕು ಬೇಕು. ಆದ್ದರಿಂದ ಅದರ ರಂಧ್ರ ದೊಡ್ಡದು, ಬೆಳಕನ್ನು ಒಂದು ಬಿಂದುವಿನಲ್ಲಿ ಕೂಡಿಸಲು ಕಾರ್ನಿಯಾ ಎಂಬ ಪಾರದರ್ಶಕ ಮುಂಭಾಗವೂ ಅದರ ಹಿಂದಿನ ಮಸೂರವೂ ಇವೆ. ಇವೆರಡರ ಒಟ್ಟು ಶಕ್ತಿ ಸುಮಾರು ೬೦ ಡಯಾಪ್ಟರ್. ಮಸೂರವಿದ್ದ ಮೇಲೆ ಗೋಡೆಯು ತಕ್ಕ ದೂರದಲ್ಲಿಯೇ ಇರಬೇಕು. ಇಲ್ಲವಾದರೆ ಬಿಂಬ ಮಸುಕಾಗುವುದು ಅನಿವಾರ್ಯ.

ಇದನ್ನು ತರಗತಿಯಲ್ಲಿ ಒಂದು ಭೂತಗನ್ನಡಿಯಿಂದ ತೋರಿಸಬಹುದು. ಕಿಟಕಿಗೆ ಎದುರಾಗಿ ಭೂತಗನ್ನಡಿಯನ್ನು ಹಿಡಿದು, ಅದರ ಹಿಂದೆ ಬಿಳಿಯ ಕಾಗದವನ್ನು ಹಿಂದೆಮುಂದೆ ಸರಿಸಿದರೆ ಒಂದು ಸ್ಥಾನದಲ್ಲಿ ಹೊರಗಿನ ಮರವು ತಲೆಕೆಳಗಾಗಿ, ಸ್ಫುಟವಾಗಿ ಕಾಣುತ್ತದೆ. ಕಾಗದವನ್ನು ಗಾಜಿನ ಕಡೆಗೆ ತುಸು ಸರಿಸಿದೊಡನೆ ಚಿತ್ರ ಕಲಸಿಹೋಗುತ್ತದೆ. ಇದೇ ದೂರದೃಷ್ಟಿ ದೋಷದ ಕಣ್ಣು. ಈಗ ಕಾಗದವನ್ನು ಅಲುಗಿಸದೆ, ಮೊದಲ ಗಾಜಿನ ಮುಂದೆ ದುರ್ಬಲವಾದ ಮತ್ತೊಂದು ಪೀನ ಮಸೂರವನ್ನು ಹಿಡಿದರೆ ಚಿತ್ರವು ಪುನಃ ಸ್ಫುಟವಾಗುತ್ತದೆ. ಇದೇ ಕನ್ನಡಕ.

ಒಂದು ಮಿಲಿಮೀಟರಿನ ಕೊರತೆ

ವಯಸ್ಕರ ಕಣ್ಣುಗುಡ್ಡೆಯ ಮುಂದಿನಿಂದ ಹಿಂದಿನವರೆಗಿನ ಉದ್ದ ಸುಮಾರು ೨೪ ಮಿಲಿಮೀಟರ್. ಇದರಲ್ಲಿ ಒಂದು ಮಿಲಿಮೀಟರ್ ಕಡಿಮೆಯಾದರೆ ಸುಮಾರು ೩ ಡಯಾಪ್ಟರಿನಷ್ಟು ದೂರದೃಷ್ಟಿ ದೋಷ ಉಂಟಾಗುತ್ತದೆ. ಕೆಲವರಲ್ಲಿ ಉದ್ದ ಸರಿಯಿದ್ದರೂ ಕಾರ್ನಿಯಾ ಚಪ್ಪಟೆಯಾಗಿರುವುದರಿಂದ ಇದೇ ಪರಿಣಾಮವಾಗುತ್ತದೆ. ಎರಡರಲ್ಲಿಯೂ ಕಿರಣಗಳು ಅಕ್ಷಿಪಟಲದ ಹಿಂದೆ ಕೂಡಬೇಕಾಗುತ್ತದೆ. ಈ ಲಕ್ಷಣವು ವಂಶದಲ್ಲಿ ಹರಿದುಬರುವುದುಂಟು.

ಹುಟ್ಟಿದ ಶಿಶುವಿನ ಕಣ್ಣಿನ ಉದ್ದ ೧೭ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಬಹುತೇಕ ಎಲ್ಲ ಶಿಶುಗಳೂ ಅಲ್ಪಸ್ವಲ್ಪ ದೂರದೃಷ್ಟಿಯುಳ್ಳವರಾಗಿಯೇ ಜನಿಸುತ್ತಾರೆ. ಮಗು ಬೆಳೆದಂತೆ ಕಣ್ಣೂ ಬೆಳೆದು ದೋಷವು ತಾನಾಗಿ ಕರಗುತ್ತದೆ. ಕೆಲವರಲ್ಲಿ ಮಾತ್ರ ಈ ಬೆಳವಣಿಗೆ ಪೂರ್ಣವಾಗದೆ ಉಳಿಯುತ್ತದೆ. ಇದು ರೋಗವಲ್ಲ, ಅಂಟುವಂತಹುದಲ್ಲ, ಯಾರ ತಪ್ಪಿನ ಫಲವೂ ಅಲ್ಲ. ದೇಹದ ಎತ್ತರದಂತೆ ಇದೂ ಒಂದು ಅಳತೆಯ ವಿಷಯ.

ಹಾಗಾದರೆ ಬಾಲಕನಿಗೆ ದೂರದ ಹಲಗೆ ಸ್ಪಷ್ಟವಾಗಿ ಕಾಣುವುದು ಹೇಗೆ? ಕಣ್ಣಿನ ಮಸೂರವು ಬಿಗಿಯಾದ ಗಾಜಲ್ಲ. ಅದರ ಸುತ್ತಲಿನ ಸಿಲಿಯರಿ ಸ್ನಾಯುವು ಸಂಕೋಚಗೊಂಡಾಗ ಮಸೂರವು ಉಬ್ಬಿ ಅದರ ಶಕ್ತಿ ಹೆಚ್ಚುತ್ತದೆ. ಇದನ್ನು ಹೊಂದಾಣಿಕೆಯ ಶಕ್ತಿ ಎನ್ನುತ್ತಾರೆ. ಸಾಮಾನ್ಯ ಕಣ್ಣಿಗೆ ದೂರದ ನೋಟದಲ್ಲಿ ಈ ಶ್ರಮವೇ ಬೇಕಾಗಿಲ್ಲ. ಸುಮಾರು ೩೩ ಸೆಂಟಿಮೀಟರ್ ದೂರದಲ್ಲಿ ಪುಸ್ತಕ ಹಿಡಿದು ಓದಲು ೩ ಡಯಾಪ್ಟರ್ ಸಾಕು. ೩ ಡಯಾಪ್ಟರಿನ ದೋಷವುಳ್ಳ ಬಾಲಕನಾದರೋ ದೂರದ ನೋಟಕ್ಕೇ ೩ ಡಯಾಪ್ಟರ್ ವ್ಯಯಿಸಬೇಕು. ಓದಲು ಇನ್ನೂ ೩ ಸೇರಿ ೬ ಬೇಕು. ಹತ್ತು ವರ್ಷದ ಮಗುವಿನ ಭಂಡಾರದಲ್ಲಿ ಸುಮಾರು ೧೨ ಡಯಾಪ್ಟರ್ ಇರುವುದರಿಂದ ಅವನು ಹೇಗೋ ನಿಭಾಯಿಸುತ್ತಾನೆ. ಆದರೆ ಕಂಪ್ಲಿಯ ಗದ್ದೆಯಿಂದ ಒಂದು ಭತ್ತದ ಮೂಟೆ ಹೊತ್ತು ಬಂದವನ ಹೆಗಲಿಗೆ ಇಳಿಸಲು ಬಿಡದೆ ಎರಡನೆಯದನ್ನೂ ಏರಿಸಿದಂತೆ ಅವನ ಸ್ಥಿತಿ. ನಾಲ್ಕು ಹೆಜ್ಜೆ ನಡೆದಾನು. ನಾಲ್ಕು ಹರದಾರಿ ನಡೆಯಲಾರನು.

ಪರೀಕ್ಷೆಯಲ್ಲಿ ತೇರ್ಗಡೆ, ಪುಸ್ತಕದಲ್ಲಿ ಸೋಲು

ಶಾಲೆಗಳಲ್ಲಿ ಬಳಸುವ ಅಕ್ಷರಫಲಕವನ್ನು ಹಾಲೆಂಡಿನ ನೇತ್ರತಜ್ಞ ಹರ್ಮನ್ ಸ್ನೆಲೆನ್ ೧೮೬೨ರಲ್ಲಿ ರೂಪಿಸಿದನು. ಮಗುವನ್ನು ೬ ಮೀಟರ್ ದೂರದಲ್ಲಿ ನಿಲ್ಲಿಸಿ ಅಕ್ಷರಗಳನ್ನು ಓದಿಸುವ ಈ ಕ್ರಮವು ಸಮೀಪದೃಷ್ಟಿಯನ್ನು ಹಿಡಿಯಲು ಅತ್ಯುತ್ತಮವಾದುದು. ದೂರದೃಷ್ಟಿ ದೋಷದ ಮಟ್ಟಿಗೆ ಅದು ಸಾಲದು. ಮಗುವು ಕೆಲವು ಕ್ಷಣ ಸ್ನಾಯುವನ್ನು ಬಿಗಿಹಿಡಿದು ಕೊನೆಯ ಸಾಲನ್ನೂ ಓದಿಬಿಡುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಪ್ರಮಾಣಿಸುವ ವಿಧಾನವೂ ಸರಳವಾಗಿದೆ. ಅದೇ ಫಲಕವನ್ನು ಓದುವಾಗ ಮಗುವಿನ ಕಣ್ಣಿನ ಮುಂದೆ +೨ ಡಯಾಪ್ಟರಿನ ಪೀನ ಮಸೂರವನ್ನು ಹಿಡಿಯಬೇಕು. ಸಾಮಾನ್ಯ ಕಣ್ಣಿಗೆ ಆಗ ದೂರದ ಅಕ್ಷರಗಳು ಮಸುಕಾಗುತ್ತವೆ. ಮಸೂರವಿದ್ದರೂ ಮಗು ಸಣ್ಣ ಅಕ್ಷರಗಳನ್ನು ನಿರಾಯಾಸವಾಗಿ ಓದಿದರೆ ಆ ಕಣ್ಣಿಗೆ ಆ ಮಸೂರದ ಅಗತ್ಯವಿತ್ತೆಂದೇ ಅರ್ಥ. ಅಂತಹ ಮಗುವನ್ನು ನೇತ್ರವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ಇದರೊಡನೆ ಹತ್ತಿರದ ಓದಿಗಾಗಿಯೇ ಮುದ್ರಿಸಿದ ಚಿಕ್ಕ ಅಕ್ಷರಗಳ ಪಟ್ಟಿಯೊಂದನ್ನೂ ಓದಿಸಬೇಕು.

ಫಲಕಕ್ಕಿಂತ ಮೊದಲೇ ಎಚ್ಚರಿಸುವುದು ದಿನನಿತ್ಯ ಮಗುವನ್ನು ಕಾಣುವ ಶಿಕ್ಷಕರ ಕಣ್ಣು. ಓದು ಆರಂಭಿಸಿದ ಸ್ವಲ್ಪ ಹೊತ್ತಿಗೆ ಹಣೆ ನೋವು. ಸಂಜೆಗೆ ತಲೆಶೂಲೆ, ರಜೆಯಲ್ಲಿ ಅದು ಇಲ್ಲದಿರುವುದು. ಕಣ್ಣುಜ್ಜುವುದು, ನೀರು ಸುರಿಸುವುದು. ಓದುತ್ತಿದ್ದ ಸಾಲು ತಪ್ಪುವುದು. ಬಾಯಿಪಾಠದಲ್ಲಿ ಜಾಣನಾಗಿದ್ದು ಬರವಣಿಗೆಯಲ್ಲಿ ಹಿಂದುಳಿಯುವುದು. ಪುಸ್ತಕವನ್ನು ದೂರ ಹಿಡಿಯುವುದು. ಕೆಲವೊಮ್ಮೆ ಇದಕ್ಕೆ ವಿರುದ್ಧವಾಗಿ ಅಕ್ಷರ ದೊಡ್ಡದಾಗಿ ಕಾಣಲೆಂದು ಮೂಗಿನ ಹತ್ತಿರಕ್ಕೇ ತಂದುಕೊಳ್ಳುವುದೂ ಉಂಟು. ಇವುಗಳಿಗೆ ಅನ್ಯ ಕಾರಣಗಳೂ ಇರಬಹುದು. ಆದರೆ ದಂಡನೆಗೆ ಮುನ್ನ ಕಣ್ಣಿನ ತಪಾಸಣೆ ಆಗಬೇಕೆಂಬುದು ನಿಯಮವಾಗಬೇಕು.

ಮೆಳ್ಳಗಣ್ಣಿನ ಎಚ್ಚರಿಕೆ

ಹತ್ತಿರದ ವಸ್ತುವನ್ನು ನೋಡುವಾಗ ಮಸೂರ ಉಬ್ಬುವುದರ ಜೊತೆಗೆ ಎರಡೂ ಕಣ್ಣುಗಳು ಮೂಗಿನ ಕಡೆಗೆ ತಿರುಗುತ್ತವೆ. ಇವೆರಡು ಕ್ರಿಯೆಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಿದ್ದಂತೆ. ಅಧಿಕ ದೂರದೃಷ್ಟಿಯುಳ್ಳ ಮಗು ಸದಾ ಮಸೂರವನ್ನು ಉಬ್ಬಿಸುತ್ತಿರುವುದರಿಂದ ಕಣ್ಣುಗಳೂ ಅಗತ್ಯಕ್ಕಿಂತ ಹೆಚ್ಚು ಒಳಕ್ಕೆ ತಿರುಗುತ್ತವೆ. ಒಂದು ಕಣ್ಣು ಮೆಳ್ಳಗಣ್ಣಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ವರ್ಷದ ಹೊತ್ತಿಗೆ, ಅಂದರೆ ಮಗು ಶಾಲೆಗೆ ಬರುವ ಮೊದಲೇ ಇದು ಕಾಣಿಸಿಕೊಳ್ಳುತ್ತದೆ.

ಹಳ್ಳಿಗಳಲ್ಲಿ ಮೆಳ್ಳಗಣ್ಣನ್ನು ಅದೃಷ್ಟವೆಂದು ಬಗೆದು ಸುಮ್ಮನಿರುವ ವಾಡಿಕೆ ಅಲ್ಲಲ್ಲಿ ಇದೆ. ಇದು ಅಪಾಯಕರ. ತಿರುಗಿದ ಕಣ್ಣಿನ ಬಿಂಬವನ್ನು ಮಿದುಳು ತಿರಸ್ಕರಿಸುತ್ತ ಹೋಗಿ, ಕಾಲಕ್ರಮೇಣ ಆ ಕಣ್ಣಿನ ದೃಷ್ಟಿಯೇ ಮಂದವಾಗಿ ಉಳಿದುಬಿಡುತ್ತದೆ. ಎರಡು ಕಣ್ಣುಗಳ ಪೈಕಿ ಒಂದರಲ್ಲಿ ಮಾತ್ರ ಅಧಿಕ ದೋಷವಿದ್ದಾಗ ಮೆಳ್ಳಗಣ್ಣಿಲ್ಲದೆಯೂ ಹೀಗಾಗಬಹುದು. ಒಂದೊಂದು ಕಣ್ಣನ್ನೂ ಪ್ರತ್ಯೇಕವಾಗಿ ಮುಚ್ಚಿ ಪರೀಕ್ಷಿಸುವುದು ಇದಕ್ಕಾಗಿಯೇ. ಏಳೆಂಟು ವರ್ಷದೊಳಗೆ ತಕ್ಕ ಕನ್ನಡಕ ಕೊಟ್ಟು, ವೈದ್ಯರು ಹೇಳಿದಂತೆ ಬಲವಾದ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿದರೆ ಮಂದವಾದ ಕಣ್ಣು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ತಡವಾದಷ್ಟೂ ಫಲ ಕಡಿಮೆ. ಹಲವು ಮಕ್ಕಳಲ್ಲಿ ಈ ಬಗೆಯ ಮೆಳ್ಳಗಣ್ಣು ಕನ್ನಡಕ ಒಂದರಿಂದಲೇ ನೇರವಾಗುತ್ತದೆ.

ನಲವತ್ತರ ಚಾಳೀಸು

ಹತ್ತಿರದ ನೋಟ ಮಸುಕಾಗಲು ಮತ್ತೊಂದು ಕಾರಣವಿದೆ. ಅದು ಎಲ್ಲರಿಗೂ ಬರತಕ್ಕದ್ದು. ವಯಸ್ಸಾದಂತೆ ಮಸೂರವು ಗಡುಸಾಗುತ್ತದೆ. ಹತ್ತರ ಹರೆಯದಲ್ಲಿ ೧೨ ಡಯಾಪ್ಟರಿನಷ್ಟಿದ್ದ ಹೊಂದಾಣಿಕೆಯ ಶಕ್ತಿ ನಲವತ್ತಕ್ಕೆ ೪–೫ಕ್ಕೂ ಅರವತ್ತಕ್ಕೆ ಸುಮಾರು ಒಂದಕ್ಕೂ ಇಳಿಯುತ್ತದೆ. ನಲವತ್ತೆಂಬ ಅರ್ಥದ ‘ಚಾಳೀಸ್’ ಶಬ್ದವೇ ಕನ್ನಡಕಕ್ಕೆ ‘ಚಾಳೀಸು’ ಎಂಬ ಹೆಸರಾಗಿ ನಿಂತಿರುವುದು ಜನರ ಸೂಕ್ಷ್ಮ ಗ್ರಹಿಕೆಗೆ ಸಾಕ್ಷಿ. ಬಹುಕಾಲ ವೈದ್ಯರೂ ಇದನ್ನು ದೂರದೃಷ್ಟಿ ದೋಷದೊಡನೆ ಬೆರೆಸುತ್ತಿದ್ದರು. ಒಂದು ಕಣ್ಣುಗುಡ್ಡೆಯ ಅಳತೆಯ ದೋಷ, ಇನ್ನೊಂದು ವಯೋಧರ್ಮ ಎಂಬ ಭೇದವನ್ನು ಹಾಲೆಂಡಿನ ಡೊಂಡರ್ಸ್ ೧೮೬೪ರ ತನ್ನ ಗ್ರಂಥದಲ್ಲಿ ಸ್ಪಷ್ಟಪಡಿಸಿದನು. ದೂರದೃಷ್ಟಿ ದೋಷವುಳ್ಳವರಿಗೆ ಚಾಳೀಸಿನ ಅಗತ್ಯವು ಮೂವತ್ತು ದಾಟಿದೊಡನೆಯೇ ಬರಬಹುದು. ಭಂಡಾರದಲ್ಲಿ ಅರ್ಧವನ್ನು ಅವರು ದೂರದ ನೋಟಕ್ಕೇ ವ್ಯಯಿಸಿರುತ್ತಾರೆ.

ಲಿಂಗಪೂಜಾನಿಷ್ಠರಿಗೆ ಇದರ ಮೊದಲ ಸೂಚನೆ ಪೂಜೆಯಲ್ಲಿಯೇ ದೊರೆಯುವುದುಂಟು. ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಅದರ ಕಪ್ಪು ಕಾಂತಿಯಲ್ಲಿ ದೀಪದ ಬಿಂದುವನ್ನು ಎವೆಯಿಕ್ಕದೆ ನೋಡುವಾಗ, ಹಿಂದೆ ಮೊನಚಾಗಿ ಕಾಣುತ್ತಿದ್ದ ಬೆಳಕು ಈಗ ಹರಡಿದಂತೆ ತೋರುತ್ತದೆ. ಕೈ ತನಗರಿವಿಲ್ಲದೆ ದೂರ ಸರಿಯುತ್ತದೆ. ಅದು ಏಕಾಗ್ರತೆಯ ಕುಂದಲ್ಲ, ಮಸೂರದ ವಯಸ್ಸು. ಕಂಪ್ಲಿಯ ಅಜ್ಜಿಯು ಅಕ್ಕಿಯ ಮೊರವನ್ನು ನಡುಮನೆಯಿಂದ ಅಂಗಳದ ಬೆಳಕಿಗೆ ಒಯ್ದು ಕಲ್ಲು ಆರಿಸುವುದರಲ್ಲಿಯೂ ವಿಜ್ಞಾನವಿದೆ. ಪ್ರಖರ ಬೆಳಕಿನಲ್ಲಿ ಪಾಪೆ ಕಿರಿದಾಗುತ್ತದೆ. ಕಣ್ಣು ವಿರೂಪಾಕ್ಷ ದೇಗುಲದ ಸೂಜಿರಂಧ್ರದ ಗುಣವನ್ನು ತುಸು ಪಡೆದು ಹತ್ತಿರದ ವಸ್ತುವನ್ನು ಸ್ಪಷ್ಟಪಡಿಸುತ್ತದೆ. ನೇತ್ರವೈದ್ಯರು ಸಣ್ಣ ರಂಧ್ರದ ತಗಡಿನ ಮೂಲಕ ಓದಿಸಿ ನೋಡುವುದೂ ಈ ತತ್ತ್ವದಿಂದಲೇ. ಅದರ ಮೂಲಕ ದೃಷ್ಟಿ ಸುಧಾರಿಸಿದರೆ ದೋಷವು ಕನ್ನಡಕದಿಂದ ಸರಿಹೋಗತಕ್ಕದ್ದೆಂದು ಬಹುಮಟ್ಟಿಗೆ ಹೇಳಬಹುದು.

ಕಾಯಕವೇ ಕಣ್ಣನ್ನು ಅವಲಂಬಿಸಿರುವವರಿಗೆ ಚಾಳೀಸಿನ ಅಭಾವವು ಜೀವನೋಪಾಯದ ಪ್ರಶ್ನೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಸಂಡೂರಿನ ಲಂಬಾಣಿ ಕಸೂತಿಯನ್ನು ಸಂಡೂರು ಕುಶಲ ಕಲಾ ಕೇಂದ್ರವು ಪೋಷಿಸಿಕೊಂಡು ಬಂದಿದೆ. ೨೦೨೩ರ ಜುಲೈಯಲ್ಲಿ ಹಂಪಿಯಲ್ಲಿ ಜಿ–೨೦ ಸಂಸ್ಕೃತಿ ಸಭೆ ನಡೆದಾಗ ಈ ಕೇಂದ್ರದೊಡನೆ ದುಡಿಯುವ ೪೫೦ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ ೧೭೫೫ ಕಸೂತಿಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಕನ್ನಡಿಯ ಚೂರು, ಕವಡೆ, ಬಣ್ಣದ ಎಳೆಗಳ ಈ ಸೂಕ್ಷ್ಮ ಕಲೆಯಲ್ಲಿ ಕೈ ಪಳಗುವುದಕ್ಕೆ ಇಪ್ಪತ್ತು ವರ್ಷಗಳಾದರೆ, ಆ ಹೊತ್ತಿಗೇ ಸೂಜಿಯ ಕಣ್ಣು ಕಾಣದಂತಾಗುತ್ತದೆ. ಅನುಭವ ಪಕ್ವವಾದ ಗಳಿಗೆಯಲ್ಲಿಯೇ ಕಸುಬನ್ನು ಬಿಡುವುದು ಮನೆಗೂ ನಷ್ಟ, ಕಲೆಗೂ ನಷ್ಟ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೆಲಸಗಾರರ ಮೇಲೆ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತಿರದ ನೋಟದ ಕನ್ನಡಕ ಪಡೆದವರು ಎಲೆ ಕೀಳುವುದರಲ್ಲಿ ಪಡೆಯದವರಿಗಿಂತ ಶೇಕಡಾ ೨೦ಕ್ಕೂ ಹೆಚ್ಚಿನ ಪ್ರಗತಿ ಸಾಧಿಸಿದರು. ಎಲೆ ಕೀಳುವ ಕೆಲಸಕ್ಕೇ ಇಷ್ಟು ಪ್ರಯೋಜನವಾದರೆ ಸೂಜಿಯ ಕೆಲಸಕ್ಕೆ ಎಷ್ಟಾದೀತೆಂದು ಊಹಿಸಬಹುದು.

ದಪ್ಪ ಗಾಜಿನ ಕಾಲ

ಹಿಂದಿನ ತಲೆಮಾರಿನವರ ನೆನಪಿನಲ್ಲಿ ದೂರದೃಷ್ಟಿ ದೋಷದ ಅತ್ಯಂತ ತೀವ್ರ ರೂಪವೊಂದು ಉಳಿದಿದೆ. ಅದನ್ನು ಆ ಹೆಸರಿನಿಂದ ಕರೆದವರು ಕಡಿಮೆ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು (೧೯೧೬–೨೦೦೫) ಊರೂರಿಗೆ ತೆರಳಿ ಸಾಮೂಹಿಕ ನೇತ್ರಶಿಬಿರಗಳನ್ನು ನಡೆಸಿ, ಬಡವರಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರು. ಒಂದೇ ದಿನದಲ್ಲಿ ೮೩೩ ಶಸ್ತ್ರಚಿಕಿತ್ಸೆಗಳನ್ನು ನಡೆಸಿದ ಅವರ ಸಾಧನೆ ಗಿನ್ನೆಸ್ ಗ್ರಂಥದಲ್ಲಿ ದಾಖಲಾಯಿತು. ಜನರು ಅವರನ್ನು ‘ಕಣ್ಣು ಕೊಟ್ಟ ಅಣ್ಣ’ ಎಂದು ಪ್ರೀತಿಯಿಂದ ಕರೆದರು.

ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಪೊರೆಗಟ್ಟಿದ ಮಸೂರವನ್ನೇ ತೆಗೆದುಹಾಕಲಾಗುತ್ತಿತ್ತು. ಮಸೂರವಿಲ್ಲದ ಕಣ್ಣು ಸುಮಾರು ೧೦ ಡಯಾಪ್ಟರಿನಷ್ಟು ದೂರದೃಷ್ಟಿಯ ಕಣ್ಣಾಗುತ್ತಿತ್ತು. ಅಜ್ಜ ಅಜ್ಜಿಯರ ಮೂಗಿನ ಮೇಲಿದ್ದ, ಅವರ ಕಣ್ಣುಗಳನ್ನು ಬಲು ದೊಡ್ಡದಾಗಿ ತೋರಿಸುತ್ತಿದ್ದ ದಪ್ಪ ಗಾಜು ಆ ಕೊರತೆಯನ್ನು ತುಂಬುವ ಪೀನ ಮಸೂರವೇ. ಅದು ಒಡೆದರೆ ಮರಳಿ ಬಂದ ಬೆಳಕು ಮತ್ತೆ ಮಸುಕಾಗುತ್ತಿತ್ತು. ಕಣ್ಣಿನೊಳಗೇ ಕೃತಕ ಮಸೂರವನ್ನಿರಿಸುವ ವಿಧಾನವನ್ನು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲೆ ೧೯೪೯ರಲ್ಲಿ ಆರಂಭಿಸಿದನು. ದಶಕಗಳ ತರುವಾಯ ಅದು ಇಲ್ಲಿಯೂ ಸಾಮಾನ್ಯವಾಯಿತು. ಶಸ್ತ್ರಚಿಕಿತ್ಸೆ ಮುಗಿದರೂ ಕನ್ನಡಕವಿಲ್ಲದಿದ್ದರೆ ಸೇವೆ ಅರ್ಧವೇ ಆಗುತ್ತದೆ ಎಂಬ ಆ ಕಾಲದ ಪಾಠ ಮಾತ್ರ ಇಂದಿಗೂ ಸಲ್ಲುತ್ತದೆ.

ಆರೈಕೆಯ ಕ್ರಮ

ಮಕ್ಕಳಲ್ಲಿ ಅಲ್ಪ ದೋಷವಿದ್ದು, ತಲೆನೋವಾಗಲಿ ಮೆಳ್ಳಗಣ್ಣಾಗಲಿ ಇಲ್ಲದಿದ್ದರೆ ಕನ್ನಡಕವೇ ಬೇಡವಾಗಬಹುದು. ಕಾಲಕಾಲಕ್ಕೆ ಪರೀಕ್ಷಿಸುತ್ತಿದ್ದರೆ ಸಾಕು. ದೋಷ ಹೆಚ್ಚಿದ್ದರೆ ಅಥವಾ ಲಕ್ಷಣಗಳಿದ್ದರೆ ಪೀನ ಮಸೂರದ ಕನ್ನಡಕವೇ ಚಿಕಿತ್ಸೆ. ಮೆಳ್ಳಗಣ್ಣಿರುವ ಮಗು ಅದನ್ನು ಎದ್ದಾಗಿನಿಂದ ಮಲಗುವವರೆಗೆ ಧರಿಸಬೇಕು. ಮಗುವಿನ ನಿಜವಾದ ಅಳತೆ ತಿಳಿಯಲು ವೈದ್ಯರು ಸ್ನಾಯುವನ್ನು ಸಡಿಲಿಸುವ ಹನಿಗಳನ್ನು ಹಾಕುತ್ತಾರೆ. ಬಳಸಿದ ಔಷಧಿಗೆ ತಕ್ಕಂತೆ ಕೆಲವು ಗಂಟೆ ಅಥವಾ ಕೆಲವು ದಿನ ಓದು ಮಸುಕಾಗುವುದು, ಬೆಳಕು ಚುಚ್ಚುವುದು ಸಹಜ, ಪಾಲಕರು ಗಾಬರಿಗೊಳ್ಳಬೇಕಾಗಿಲ್ಲ.

ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೆಣ್ಣುಮಗುವಿಗೆ ಕನ್ನಡಕ ಬಂದರೆ ಮದುವೆಗೆ ತೊಡಕೆಂದು ಅದನ್ನು ಬಚ್ಚಿಡುವುದು ಇನ್ನೂ ದೊಡ್ಡ ತಪ್ಪು. ಹಸಿರು ಸೊಪ್ಪು, ಗಜ್ಜರಿ, ಪಪ್ಪಾಯಿಗಳು ಕಣ್ಣಿನ ಆರೋಗ್ಯಕ್ಕೆ ಹಿತಕರವಾದರೂ ಕಣ್ಣುಗುಡ್ಡೆಯ ಅಳತೆಯನ್ನು ಬದಲಿಸಲಾರವು. ಎಲೆಯ ರಸ, ಜೇನು ಮುಂತಾದುವನ್ನು ಕಣ್ಣಿಗೆ ಬಿಡುವುದರಿಂದ ಸೋಂಕು ತಗಲಿ ಇರುವ ದೃಷ್ಟಿಯೂ ಕೆಡಬಹುದು.

ವಯಸ್ಕರಿಗೆ ಓದುವ ಕನ್ನಡಕ, ಎರಡೂ ನೋಟಗಳಿಗೆ ಒದಗುವ ದ್ವಿನಾಭಿ ಕನ್ನಡಕ, ಸ್ಪರ್ಶ ಮಸೂರ, ಕೆಲವರಿಗೆ ಲೇಸರ್ ಚಿಕಿತ್ಸೆ ಎಂಬ ಮಾರ್ಗಗಳಿವೆ. ಜಾತ್ರೆಯಲ್ಲಿ ಕೊಂಡ ಸಿದ್ಧ ಕನ್ನಡಕವು ಓದಿಗೆ ನೆರವಾಗಬಹುದು; ಆದರೆ ಪೊರೆ, ಕಣ್ಣಿನ ಒತ್ತಡ ಮುಂತಾದ ಅನ್ಯ ರೋಗಗಳನ್ನು ಅದು ತಿಳಿಸದು. ವಿಶೇಷತಃ ಕಿರಿದಾದ ಕಣ್ಣುಗಳಲ್ಲಿ ದ್ರವ ಹರಿಯುವ ಮಾರ್ಗವೂ ಇಕ್ಕಟ್ಟಾಗಿರುತ್ತದೆ. ನಡುವಯಸ್ಸು ದಾಟಿದವರಲ್ಲಿ ಹಠಾತ್ತನೆ ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ಶಾಲೆಯ ಹೊಣೆ

ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ೧೯೭೬ರಲ್ಲಿಯೂ, ಶಾಲಾ ಮಕ್ಕಳ ತಪಾಸಣೆಯನ್ನೊಳಗೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ೨೦೧೩ರಲ್ಲಿಯೂ ಆರಂಭವಾದವು. ಸರ್ಕಾರಿ ಆಸ್ಪತ್ರೆಗಳೂ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ನೇತ್ರವಿಭಾಗವೂ ಈ ಭಾಗದ ಜನರಿಗೆ ಎಟಕುವಂತಿವೆ. ಉಳಿದಿರುವುದು ಮಗುವನ್ನು ಗುರುತಿಸಿ ಅಲ್ಲಿಗೆ ಮುಟ್ಟಿಸುವ ಕೆಲಸ.

ಇದಕ್ಕೆ ಶಾಲೆಯು ಮಾಡಬೇಕಾದ ವೆಚ್ಚ ಅಲ್ಪ. ಒಂದು ದೂರದ ಫಲಕ, ಒಂದು ಹತ್ತಿರದ ಓದುಪಟ್ಟಿ, ಒಂದು ಜೊತೆ +೨ ಮಸೂರ, ತರಬೇತಿ ಪಡೆದ ಇಬ್ಬರು ಉಪಾಧ್ಯಾಯರು, ಒಂದು ದಾಖಲೆ ಪುಸ್ತಕ: ಇಷ್ಟಿದ್ದರೆ ಪ್ರತಿ ಜೂನ್ ತಿಂಗಳಲ್ಲಿ ಎಲ್ಲ ಮಕ್ಕಳನ್ನೂ ನೋಡಬಹುದು. ಪಾಲಕರು ಕೂಲಿಯನ್ನು ಬಿಟ್ಟು ಆಸ್ಪತ್ರೆಗೆ ಬರಲಾಗದ ಮನೆಗಳ ಮಕ್ಕಳನ್ನು, ಪ್ರಸಾದ ನಿಲಯದಲ್ಲಿದ್ದು ಓದುವ ಮಕ್ಕಳನ್ನು ಶಾಲೆಯೇ ಕರೆದೊಯ್ಯಬೇಕಾಗುತ್ತದೆ. ಎರಡು ತಿಂಗಳ ತರುವಾಯ ಮಗು ಕನ್ನಡಕ ಧರಿಸುತ್ತಿದೆಯೇ, ಅದು ಒಡೆದಿದೆಯೇ, ಸಹಪಾಠಿಗಳ ಅಪಹಾಸ್ಯಕ್ಕೆ ಅಂಜಿ ಚೀಲದಲ್ಲಿಯೇ ಉಳಿದಿದೆಯೇ ಎಂದು ನೋಡುವುದೂ ಇದೇ ಕಾರ್ಯದ ಭಾಗ. ದಾನಿಗಳು ಒಂದು ದಿನದ ದೊಡ್ಡ ಶಿಬಿರಕ್ಕಿಂತ ಈ ಎರಡನೆಯ ಭೇಟಿಗೂ ಒಡೆದ ಕನ್ನಡಕದ ಬದಲಿಗೂ ಚಿಕ್ಕ ನಿಧಿಯೊಂದನ್ನು ಇರಿಸುವುದು ಹೆಚ್ಚು ಫಲಕಾರಿ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೆರಡು ದಿನ ಬಂದು ತಪಾಸಣೆ ನಡೆಸಬಹುದು.

ಅನ್ನದಾಸೋಹ, ಅಕ್ಷರದಾಸೋಹಗಳು ಮಠಗಳ ಪರಂಪರೆಯಲ್ಲಿ ಬೇರೂರಿವೆ. ಅಕ್ಷರವನ್ನು ನೀಡಿದ ಕೈ ಆ ಅಕ್ಷರವು ಮಗುವಿಗೆ ಕಾಣುತ್ತಿದೆಯೇ ಎಂಬುದನ್ನೂ ವಿಚಾರಿಸಿದಾಗ ದಾಸೋಹವು ಪೂರ್ಣವಾಗುತ್ತದೆ. ಮುಂದಿನ ಜೂನ್ ತಿಂಗಳಲ್ಲಿ ಪ್ರತಿ ತರಗತಿಯ ಹಿಂದಿನ ಸಾಲಿನಿಂದ, ಪುಸ್ತಕ ತೆರೆದೊಡನೆ ಹಣೆ ಒತ್ತಿಕೊಳ್ಳುವ ಒಂದೊಂದು ಮಗುವನ್ನು ಶಿಕ್ಷಕರು ಹತ್ತಿರ ಕರೆದು ಪರೀಕ್ಷಿಸಿದರೆ ಈ ಕಾರ್ಯಕ್ಕೆ ಶುಭಾರಂಭವಾದಂತೆಯೇ.